ಜನ್ನಾಪುರದಲ್ಲಿ ಸದ್ದಿಲ್ಲದ ಗಿಟಾರ್

ಮೊದಲ ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ಗಿಟಾರನ್ನು ದನಿ ಹಿಗ್ಗಿಸುವ ಆಂಪ್‌ಗೆ ಸಿಕ್ಕಿಸಿ ಒಂದೇ ಒಂದು ಸಲ ತಂತಿ ಮೀಟಿದ್ದೆ. ಕೆಳಗಿನಿಂದ ಮನೆಯೊಡತಿ ಸೆಲ್ವಿಯಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡಿಬಂದರು.

"ಏನಮ್ಮಾ ಅದು, ಸಿಲಿಂಡರ್ ಸಿಡಿದಂಗೆ! ನಮ್ಮ ಯಜಮಾನ್ರಿಗೆ ಹಾರ್ಟ್ ಆಪರೇಷನ್ ಆಗಿದೆ. ಇನ್ನೊಂದ್ಸಲ ಸದ್ದು ಬಂದ್ರೆ ರೂಮ್ ಖಾಲಿ ಮಾಡ್ಬಿಡಿ."

ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಎರಕದ ಬಿಡಿಭಾಗ ಪರೀಕ್ಷಿಸುವ ಕೆಲಸ ಹಿಡಿದು ನಾನು ಕಲಬುರಗಿಯಿಂದ ಭದ್ರಾವತಿಗೆ ಬಂದು ನಾಲ್ಕು ದಿನವಾಗಿತ್ತು. ಒಂಟಿ ಹೆಣ್ಣೆಂದು ಮೂರು ಮನೆಯವರು ಇಲ್ಲವೆಂದ ಮೇಲೆ ಜನ್ನಾಪುರ ಬಡಾವಣೆಯಲ್ಲಿ ಸಿಕ್ಕ ಕೋಣೆ ಇದು. ನಮ್ಮಲ್ಲಿ ಮಾಳಿಗೆಯ ಮೇಲೆ ನುಡಿಸಿದರೆ ಓಣಿಯವರು 'ಇನ್ನೊಂದು ಬಾರಿಸ್ರಿ' ಅನ್ನುತ್ತಿದ್ದರು. ಇಲ್ಲಿ ಗೋಡೆಗೆ ಗೋಡೆ ಅಂಟಿದೆ. ರಾತ್ರಿ ಪಾಳಿ ಮುಗಿಸಿದವರು ಹಗಲಲ್ಲೇ ಮಲಗಿರುತ್ತಾರೆ.

ಆಂಪ್ ಮಾರಿ ಬದಲಿಗೆ ಮಾಡೆಲರ್ ತಂದೆ. ಆಂಪ್, ಸ್ಪೀಕರ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಪುಟ್ಟ ಪೆಟ್ಟಿಗೆ ಅದು. ಆದರೆ ಮೊಬೈಲ್‌ನ ಹೆಡ್‌ಫೋನ್‌ನಲ್ಲಿ ಗಿಟಾರ್ ಡಬ್ಬದೊಳಗಿನ ಜೇನುಹುಳದಂತೆ ಕೇಳುತ್ತಿತ್ತು. ಬಸ್ ಹತ್ತಿ ಶಿವಮೊಗ್ಗದಲ್ಲಿ ಸೌಂಡ್ ಅಂಗಡಿ ಇಟ್ಟಿರುವ ಪ್ರಸನ್ನ ಅವರ ಬಳಿ ಹೋದೆ.

"ಮೊಬೈಲಿಂದು ಎಲ್ಲದಕ್ಕೂ ಬೇಸ್, ದಪ್ಪ ದನಿ ತುಂಬತ್ತೆ ಮಾರಾಯ್ತಿ," ಎಂದರು. ನನಗೆ ಸಿಟ್ಟು ಬಂತು. ಮಾರಾಯ್ತಿ ಎಂಬುದು ನಮ್ಮ 'ಯವ್ವಾ'ದಷ್ಟೇ ಸಲಿಗೆಯ ಮಾತೆಂದು ತಿಳಿದದ್ದು ಆಮೇಲೆ. "ಸ್ಟುಡಿಯೋ ಹೆಡ್‌ಫೋನ್ ಮುಲಾಜು ನೋಡಲ್ಲ. ತಪ್ಪು ನುಡಿಸಿದ್ರೆ ತಪ್ಪೇ ಕೇಳತ್ತೆ." ಎರಡನ್ನು ಮುಂದಿಟ್ಟರು. ಒಂದರ ಹಿಂಬದಿ ಪೂರ್ತಿ ಮುಚ್ಚಿತ್ತು, ಇನ್ನೊಂದಕ್ಕೆ ಜಾಲರಿ. "ಜಾಲರೀದ್ರಲ್ಲಿ ಟೋನ್ ಸಹಜ. ಆದ್ರೆ ಸದ್ದು ಸ್ವಲ್ಪ ಹೊರಗೆ ಸೋರತ್ತೆ."

ಸೋರುತ್ತದೆ ಎಂಬ ಮಾತಿಗೇ ಹೆದರಿ ಮುಚ್ಚಿದ್ದನ್ನು ತಂದೆ. ಹಾಕಿಕೊಂಡರೆ ಜನ್ನಾಪುರವೇ ಇಲ್ಲ. ಅದೇ ಸುಖವಾಗಿತ್ತು.

ಒಂದು ಮಧ್ಯಾಹ್ನ ಯಾರೋ ಹಿಂದಿನಿಂದ ಹೆಡ್‌ಫೋನ್ ಕಿತ್ತೆಳೆದರು. ಸೆಲ್ವಿಯಮ್ಮ. ಕೈಯಲ್ಲಿ ಇನ್ನೂ ತರಕಾರಿ ಚೀಲ.

"ಬಾತ್‌ರೂಮಲ್ಲಿ ಬಿದ್ದಿದಾರೆ! ಅರ್ಧ ಗಂಟೆಯಿಂದ ನಿನ್ನನ್ನೇ ಕೂಗ್ತಿದಾರೆ!"

ಅವರ ಗಂಡ ಆರ್ಮುಗಂ ಒದ್ದೆ ನೆಲದಲ್ಲಿ ಒರಗಿದ್ದರು. ಕೂಗಿ ದನಿ ಹೋಗಿ, ಚೊಂಬಿನಿಂದ ನಲ್ಲಿ ಪೈಪಿಗೆ ಬಡಿಯುತ್ತಿದ್ದರು. ಆ ಪೈಪು ನನ್ನ ಕೋಣೆಯ ಗೋಡೆಗೇ ಹತ್ತಿಕೊಂಡು ಹೋಗುತ್ತದೆ.

ಆಸ್ಪತ್ರೆಯ ಬೆಂಚಿನಲ್ಲಿ ಸೆಲ್ವಿಯಮ್ಮ ನನ್ನ ಕಡೆ ನೋಡಲಿಲ್ಲ. ಕೊನೆಗೆ ಡಾಕ್ಟರ್ ಹೊರಬಂದರು. ಎದೆಗೆ ಏನೂ ಆಗಿರಲಿಲ್ಲ, ಮಣಿಕಟ್ಟು ಮುರಿದಿತ್ತು.

"ನಾ ಖೋಲಿ ಬಿಡ್ತೀನ್ರಿ," ಎಂದೆ.

"ಏನು ಬಿಡ್ತೀಯಾ?" ಖೋಲಿ ಎಂದರೆ ಕೋಣೆಯೆಂದು ಅವರಿಗೆ ಗೊತ್ತಿರಲಿಲ್ಲ. ಬಿಡಿಸಿ ಹೇಳಿದೆ. ಅವರು ಔಷಧಿ ಚೀಟಿ ಮಡಚಿ ತರಕಾರಿ ಚೀಲಕ್ಕೆ ಹಾಕಿದರು. "ಮೊದ್ಲು ಆಟೋ ಕರಿ."

ಯಾರಾದರೂ ಕರೆದರೆ ಕೇಳಲೆಂದು ಮಾರನೆಯ ದಿನವೇ ಪ್ರಸನ್ನ ಅವರಲ್ಲಿ ಹೆಡ್‌ಫೋನ್ ಬದಲಿಸಿ ಜಾಲರಿಯದನ್ನು ತಂದೆ. ಸದ್ದು ಕೆಳಗೆ ಸೋರುತ್ತದೋ ಎಂದು ನೋಡಲು ಆರ್ಮುಗಂ ಮಂಚದ ಮೇಲೆ, ಸೆಲ್ವಿಯಮ್ಮ ಮೆಟ್ಟಿಲ ಬುಡದಲ್ಲಿ. ನಾನು ಮೇಲೆ ಹೆಡ್‌ಫೋನ್ ಹಾಕಿಕೊಂಡು ನುಡಿಸಿದೆ.

"ಏನೂ ಕೇಳಲ್ಲಮ್ಮಾ! ನುಡಿಸು!"

ಗಿಟಾರಿನ ನಡುವೆಯೇ ಸೆಲ್ವಿಯಮ್ಮನ ಕೂಗು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೂತಲ್ಲೇ ಅತ್ತುಬಿಟ್ಟೆ.

ಕೆಲವು ದಿನಗಳ ಮೇಲೆ ಮುರಿದ ಕೈ ಕೊರಳಿಗೆ ಕಟ್ಟಿಕೊಂಡೇ ಆರ್ಮುಗಂ ಮೇಲೆ ಬಂದರು. "ಆವತ್ತು ಅಂಥಾದ್ದೇನು ಕೇಳ್ತಿದ್ದೆ, ನನಗೂ ಹಾಕು." ಹೆಡ್‌ಫೋನ್ ಅವರ ತಲೆಗೇರಿಸಿ ನಮ್ಮ ಓಣಿಯ ಭಜನೆಯ ಮಟ್ಟೊಂದನ್ನು ನುಡಿಸಿದೆ. ಅವರು ಕಣ್ಣು ಮುಚ್ಚಿದರು.

"ಯಾವ ಊರು ಪಾಟಮ್ಮಾ?" ಎಂದು ಕಿವಿ ಮುಚ್ಚಿದವರಂತೆ ಜೋರಾಗಿ ಕೇಳಿದರು. ಪಾಟು ಎಂದರೆ ಅವರ ತಮಿಳಿನಲ್ಲಿ ಹಾಡು.

"ಕಲಬುರಗೀದು," ಎಂದೆ.

ಅವರ ಕಿವಿಯಲ್ಲಿ ಅದು ತುಂಬಿಕೊಂಡಿತ್ತು. ನನಗೆ ಸಿಕ್ಕಿದ್ದು ಜಾಲರಿಯಿಂದ ಸೋರಿದ ಒಂದೆಳೆ ಮಾತ್ರ. ಕೆಳಗಿನಿಂದ ಸೆಲ್ವಿಯಮ್ಮ ಊಟಕ್ಕೆ ಕರೆದರು. "ಬಂದೆ" ಎಂದೆ, ನುಡಿಸುವುದನ್ನು ನಿಲ್ಲಿಸದೆ.