ಬಾಣಂತಿಯ ಕೋಳಿಸಾರು

ಹೆತ್ತವಳು ನಾನು, ಹಸಿದವಳೂ ನಾನು. ಆದರೆ ಆ ಭಾನುವಾರ ನನ್ನ ಊಟದ ವಿಷಯದಲ್ಲಿ ನನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಬಾಯಿ ಹಾಕಿದರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಪುಣೆಯ ಖರಾಡಿಯಲ್ಲಿರುವ ನಮ್ಮ ಫ್ಲ್ಯಾಟಿಗೆ ಬಾಣಂತನ ಮಾಡಲು ಮಂಡ್ಯದಿಂದ ಅಮ್ಮ ಬಂದಿದ್ದಳು. ಮೊಮ್ಮಗಳನ್ನು ನೋಡಲು ಅತ್ತೆಯೂ ಬಂದು ಉಳಿದಿದ್ದರು. ಅವರದು ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆ ನಿಂತ ಕುಟುಂಬ. ಹೆರಿಗೆಯಾದಾಗಿನಿಂದ ನನಗೆ ಮೆತ್ತನೆಯ ಅನ್ನ, ತುಪ್ಪ, ಅಷ್ಟೇ. ನಾಲಗೆ ಸತ್ತುಹೋಗಿತ್ತು. ನಮ್ಮ ಕಡೆ ಬಾಣಂತಿಗೆ ಕಾಳುಮೆಣಸು, ಬೆಳ್ಳುಳ್ಳಿ ಧಾರಾಳವಾಗಿ ಹಾಕಿದ ನಾಟಿಕೋಳಿ ಸಾರು ಕೊಡುತ್ತಾರೆ. ಸೊಂಟಕ್ಕೆ ಬಲ, ಎದೆಗೆ ಹಾಲು ಅನ್ನುತ್ತಾರೆ. ನನಗೆ ಬಲವೂ ಬೇಡ, ಮಣ್ಣೂ ಬೇಡ, ಆ ಸಾರು ಬೇಕಿತ್ತು.

ಮೊದಲು ಎಡವಟ್ಟು ಮಾಡಿದ್ದು ನನ್ನ ಗಂಡ. ಅಂಗಡಿಯಲ್ಲಿ ಠೀವಿಯಿಂದ ಮರಾಠಿ ಮಾತಾಡಿ ನಾಟಿಕೋಳಿಯನ್ನೇ ತಂದ, ಸರಿ. ಆದರೆ ಚರ್ಮ ಸುಲಿಸಿಕೊಂಡು ಬಂದ! ನಮ್ಮಲ್ಲಿ ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ತಿಕ್ಕಿ, ಚರ್ಮದ ಸಮೇತ ಕೊಯ್ಯುವುದು. ಅಮ್ಮ ಚೀಲ ಬಿಚ್ಚಿ ನೋಡಿ ಅಲ್ಲೇ ಕುಸಿದು ಕೂತಳು.

“ಅಯ್ಯೋ ಶಿವನೇ, ರುಚಿನೆಲ್ಲ ಅಂಗಡಿಲೇ ಬಿಟ್ಬುಟ್ಟು ಬಂದವ್ರಲ್ಲ ಅಳಿಯಂದ್ರು!”

“ಇಲ್ಲಿ ಹಿಂಗ ಕೊಡ್ತಾರ್ರೀ, ಅತ್ತಿ,” ಎಂದ ಅವನು.

ಚರ್ಮಕ್ಕಾಗಿ ಸೂತಕ ಬಹಳ ಹೊತ್ತು ನಡೆಯಿತು. “ಇರೋದ್ರಲ್ಲೇ ಮಾಡಮ್ಮ, ಹೊಟ್ಟೆ ಚುರುಚುರು ಅಂತಿದೆ,” ಎಂದು ಕೋಣೆಯಿಂದ ಕೂಗಿದೆ. ಯಾರೂ ಇತ್ತ ತಿರುಗಲಿಲ್ಲ.

ಕೊನೆಗೂ ಅಮ್ಮ ಈರುಳ್ಳಿ, ಕೊಬ್ಬರಿ ಹುರಿದಳು. ಧನಿಯಾ, ಮೆಣಸು, ಚಕ್ಕೆ ಸೇರಿಸಿ ರುಬ್ಬಿ, ಬೇಯುತ್ತಿದ್ದ ಕೋಳಿಗೆ ಹಾಕಿದಳು. ಘಮ ಎದ್ದಿತು, ಅದರ ಹಿಂದೆಯೇ ಅತ್ತೆಯೂ ಎದ್ದರು.

“ಇಷ್ಟ್ ಖಾರಾ ಮಾಡಿದ್ರ ಕೂಸಿನ ಹೊಟ್ಟಿ ಏನಾಗಬೇಕ್ರಿ?” ಎಂದು ಒಂದು ಚೊಂಬು ನೀರು ಸುರಿದರು.

“ಇವ್ಳನ್ನ ಹೆತ್ತಾಗ ನಾನೂ ಇದ್ನೇ ಉಂಡಿದ್ದು. ಈಗ ಇವ್ಳು ಚೆನ್ನಾಗಿಲ್ವಾ?” ಎಂದು ಅಮ್ಮ ಮೆಣಸಿನ ಪುಡಿ ಸುರಿದಳು.

ನೀರು, ಮೆಣಸು, ಮತ್ತೆ ನೀರು, ಮತ್ತೆ ಮೆಣಸು. ಸಾರು ಪಾತ್ರೆಯ ಕಂಠಕ್ಕೆ ಬಂತು. ಜಗಳ ಬಿಡಿಸಲು ಗಂಡ ತನ್ನ ಡಾಕ್ಟರ್ ಸ್ನೇಹಿತನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದ. ಆ ಪುಣ್ಯಾತ್ಮ ಹಲ್ಲಿನ ಡಾಕ್ಟರು! ಅವನೂ ನನ್ನ ಊಟದ ಬಗ್ಗೆ ಎರಡು ಮಾತು ಹೇಳಿದ. ಎಲ್ಲರೂ ಕಿವಿಗೊಟ್ಟು ಕೇಳಿದರು. ಹಲ್ಲು ಕೀಳುವವನಿಗಿಂತ ಕಡೆಯಾಗಿ ಹೋದೆನಲ್ಲ ನಾನು!

ಅಷ್ಟರಲ್ಲಿ ಹಾಲ್‌ನ ತೊಟ್ಟಿಲಲ್ಲಿ ಮಗು ಕಿರುಚಿತು. ಆಗಷ್ಟೇ ಹಾಲು ಕುಡಿಸಿದ್ದೆ, ಬಟ್ಟೆ ಒದ್ದೆಯಾಗಿರಬೇಕು. ಮೂವರೂ ಎದ್ದೂಬಿದ್ದೂ ಓಡಿದರು. ನಾನು ಎದ್ದು ನಡೆದೆ. ಬಾಣಂತಿ ಅಡುಗೆಮನೆಗೆ ಕಾಲಿಡಬಾರದು ಎಂಬುದೊಂದರಲ್ಲೇ ಆ ಬೀಗಿತ್ತಿಯರಿಬ್ಬರದೂ ಒಂದೇ ಮಾತು. ಕಾಲಿಟ್ಟೆ. ಅಮ್ಮ ಕಟ್ಟಿಟ್ಟಿದ್ದ ಮುದ್ದೆ ಹಾಕಿಕೊಂಡು, ಸಾರು ಸುರಿದುಕೊಂಡು ನೆಲದ ಮೇಲೆಯೇ ಕೂತು ಉಂಡೆ. ಸಾರು ನೀರುನೀರು, ಖಾರ ಮಾತ್ರ ನೆತ್ತಿಗೇರುವಂಥದ್ದು. ಕಣ್ಣು ಮೂಗು ಸೋರುತ್ತಿದ್ದರೂ ತಟ್ಟೆಯಿಂದ ಕೈ ತೆಗೆಯಲಿಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡ ಅತ್ತೆ, ಹಿಂದೆ ಅಮ್ಮ.

“ಯವ್ವಾ, ಇಷ್ಟ್ ಹಸಿವಾಗಿತ್ತೇನು? ಒಂದ್ ಮಾತ್ ಹೇಳಬಾರದ?” ಎಂದರು ಅತ್ತೆ.

“ಬೆಳಗ್ಗೆಯಿಂದ ಹೇಳ್ತಾನೇ ಇದೀನಿ ಅತ್ತೆ! ನಾನೂ ಇವಳ ಥರ ಕಿರುಚಬೇಕಿತ್ತು ಅಲ್ವಾ?”

ಅತ್ತೆ ಮಗುವನ್ನು ಅಮ್ಮನ ಕೈಗಿತ್ತು, ಸೌಟು ಹಿಡಿದು ನನ್ನೆದುರು ಬಗ್ಗಿದರು.

“ಏನ್ ಹಾಕ್ಲಿ? ನೀನ ಹೇಳವ್ವಾ.”

“ಲೆಗ್ ಪೀಸ್,” ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಎರಡೂ.”