ಸ್ಟ್ಯಾಂಡ್‌ಬೈ ದಿನದ ಎಣ್ಣೆಸ್ನಾನ

ನಮ್ಮ ಫ್ರಿಜ್ಜಿನ ಮೇಲೆ ಎರಡು ಪಂಚಾಂಗಗಳಿದ್ದವು. ಒಂದು ಮೈಸೂರಿನಿಂದ ಅತ್ತೆ ಕಳಿಸಿದ್ದು. ಇನ್ನೊಂದು, ಟೋಕಿಯೋದಲ್ಲಿ ಕೋ-ಪೈಲಟ್ ಆಗಿದ್ದ ನನ್ನ ಗಂಡನಿಗೆ ಕಂಪನಿ ತಿಂಗಳಿಗೊಮ್ಮೆ ಕೊಡುತ್ತಿದ್ದ ಡ್ಯೂಟಿ ಪಟ್ಟಿ, ಅಂದರೆ ರೋಸ್ಟರ್. ಎರಡಕ್ಕೂ ಜಗಳ ಬಿದ್ದರೆ ಗೆಲ್ಲುತ್ತಿದ್ದದ್ದು ರೋಸ್ಟರೇ. ನಮ್ಮ ಮನೆಗೆ ಗಣೇಶ ಒಂದು ವರ್ಷ ಚೌತಿಗೆ ಬಂದರೆ ಇನ್ನೊಂದು ವರ್ಷ ಸಪ್ತಮಿಗೆ ಬರುತ್ತಿದ್ದ. ಯುಗಾದಿಯ ಬೇವು-ಬೆಲ್ಲವನ್ನು ರಾಮನವಮಿಯ ಪಾನಕದ ಜೊತೆಗೇ ಮುಗಿಸಿದ್ದೂ ಉಂಟು.

ಆ ರೋಸ್ಟರನ್ನಾದರೂ ನಂಬುವ ಹಾಗಿತ್ತೇ? ಇಲ್ಲ. ದಿನ ಹತ್ತಿರ ಬಂದಾಗ ಕಂಪನಿಯಿಂದ ಫೋನ್ ಬರುತ್ತಿತ್ತು. ಆ ಕಡೆಯ ಹೆಂಗಸು ಬಹಳ ಮರ್ಯಾದಸ್ಥೆ. ಒಂದು 'ಸುಮಿಮಾಸೆನ್' ಎಂದು ಕ್ಷಮೆ ಕೇಳಿದರೆ ಸಮಯ ಬದಲು. ಎರಡಾದರೆ ಊರೇ ಬದಲು. ಮೂರಾದರೆ ರಜೆಗೆ ಎಳ್ಳುನೀರು. ನಾನು ಅಡುಗೆಮನೆಯಿಂದಲೇ ಎಣಿಸಿ, ಸೂಟ್‌ಕೇಸ್ ತೆಗೆಯಬೇಕೋ ಜಗಳ ತೆಗೆಯಬೇಕೋ ನಿರ್ಧರಿಸುತ್ತಿದ್ದೆ. ಸಾಮಾನ್ಯವಾಗಿ ಎರಡನ್ನೂ ತೆಗೆಯುತ್ತಿದ್ದೆ. ಒಮ್ಮೆ ಆ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಅಲ್ಲಿಂದಲೂ ಹೊಡೆದುಕೊಂಡಿತು.

ಆಮೇಲೆ ಕೊರೋನಾ ಬಂತು, ಫೋನ್ ತಣ್ಣಗಾಯಿತು. ಇವರ ಸಂಬಳದ ದೊಡ್ಡ ಪಾಲು ಬರುತ್ತಿದ್ದದ್ದು ಹಾರಿದ ಗಂಟೆಗಳಿಗೆ. ಹಾರಾಟ ನಿಂತಿತು, ಆ ಪಾಲೂ ನಿಂತಿತು. ಮನೆಯಲ್ಲಿ ಕೂತ ಪೈಲಟ್ ಎಂಥ ಪ್ರಾಣಿ ಎಂದು ನನಗೆ ತಿಳಿದದ್ದು ಆಗಲೇ. ಟೋಕಿಯೋದ ಕೋಟೋ ಬಡಾವಣೆಯ ಇಪ್ಪತ್ತೆರಡನೇ ಮಹಡಿಯ ಪುಟ್ಟ ಫ್ಲ್ಯಾಟ್‌ನಲ್ಲಿ ನಾನು ಲ್ಯಾಪ್‌ಟಾಪ್ ಮುಂದೆ ಆಫೀಸು ನಡೆಸುತ್ತಿದ್ದರೆ, ಇವರು ಕುಕ್ಕರ್ ಇಡುವ ಮುಂಚೆ ಚೆಕ್‌ಲಿಸ್ಟ್ ಓದುತ್ತಿದ್ದರು. "ಗ್ಯಾಸ್ಕೆಟ್?" ಎಂದು ತಾವೇ ಕೇಳಿ "ಚೆಕ್ಡ್" ಎಂದು ತಾವೇ ಹೇಳುವುದು. "ವೆಯ್ಟ್?" "ಚೆಕ್ಡ್." ಒಂದು ದಿನ ನೀರು ಹಾಕುವುದನ್ನೇ ಮರೆತಿದ್ದರು. ತಳ ಸೀದ ಮೇಲೆ ಅವರನ್ನು ಪಾತ್ರೆ ತೊಳೆಯುವ ಇಲಾಖೆಗೆ ವರ್ಗ ಮಾಡಿದೆ.

ನಗು ಒಂದು ಕಡೆ, ಭಯ ಒಂದು ಕಡೆ. ತೊಂಬತ್ತು ದಿನಗಳೊಳಗೆ ಮೂರು ಸಲ ತಾನೇ ವಿಮಾನ ಏರಿಸಿ ಇಳಿಸದ ಪೈಲಟ್ ಮತ್ತೆ ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲಿ ಕೂತು ತನ್ನ ಕೈ ಪಳಗಿದೆ ಎಂದು ತೋರಿಸಬೇಕು. ಅಲ್ಲಿಯವರೆಗೆ ಹಾರುವಂತಿಲ್ಲ. ಸಿಮ್ಯುಲೇಟರಿಗೆ ಕಾಯುವವರ ಸಾಲು ಆಗಲೇ ಉದ್ದವಾಗಿತ್ತು. ಅದರ ಕೊನೆಯಲ್ಲಿ ನಿಂತವರನ್ನು ಕಂಪನಿ ಎಷ್ಟು ದಿನ ಇಟ್ಟುಕೊಂಡೀತು ಎಂದು ಯಾರಿಗೂ ಗೊತ್ತಿರಲಿಲ್ಲ. ಇವರದು ಎರಡಾಗಿತ್ತು, ಇನ್ನೊಂದು ಬಾಕಿ. ತೊಂಬತ್ತನೇ ದಿನ ಸರಿಯಾಗಿ ನರಕ ಚತುರ್ದಶಿಗೆ ಬಿದ್ದಿತ್ತು. ರೋಸ್ಟರಿನಲ್ಲಿ ಅವತ್ತು 'ಸ್ಟ್ಯಾಂಡ್‌ಬೈ', ಅಂದರೆ ಕರೆದರೆ ಒಂದೂವರೆ ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ಎರಡು ತಿಂಗಳಿಂದ ಯಾರೂ ಕರೆದಿರಲಿಲ್ಲ.

ಹಬ್ಬದ ಎಣ್ಣೆಸ್ನಾನ ಸೂರ್ಯ ಹುಟ್ಟುವ ಮುಂಚೆ ಆಗಬೇಕು. ಯಾವ ಸೂರ್ಯ ಎಂಬುದಕ್ಕೆ ಅತ್ತೆ ಎಂದೋ ತೀರ್ಪು ಕೊಟ್ಟಿದ್ದರು: ಮೈಸೂರಿನ ಸೂರ್ಯ. ಹಾಗಾಗಿ ಜಪಾನಿನಲ್ಲಿ ಬೆಳಗ್ಗೆ ಎಂಟೂವರೆಗೆ, ಹೊರಗೆ ಚೆನ್ನಾಗಿ ಬಿಸಿಲಿರುವಾಗ, ಅತ್ತೆಯನ್ನು ವಿಡಿಯೋ ಕಾಲ್‌ನಲ್ಲಿ ಬಚ್ಚಲಿನ ಶಾಂಪೂ ಬಾಟಲಿಗೆ ಒರಗಿಸಿ, ನಾನು ಇವರ ನೆತ್ತಿಗೆ ಎಣ್ಣೆ ತಟ್ಟಿದೆ. ಕಂಪನಿಯ ಫೋನ್ ಹೊಡೆದುಕೊಂಡಿತು. ಎರಡು ಸುಮಿಮಾಸೆನ್. ಫುಕುವೋಕಾಗೆ ಹೋಗಿ ಬರಬೇಕು.

ಊರಿನಿಂದ ಪಾರ್ಸೆಲ್ ಬರುವುದು ನಿಂತು ಸೀಗೇಪುಡಿ ಎಂದೋ ಮುಗಿದಿತ್ತು. ಮನೆಯಲ್ಲಿದ್ದ ಕಡ್ಲೆಹಿಟ್ಟನ್ನೆಲ್ಲ ಆ ತಲೆಗೆ ಸುರಿದೆ. ಇವರು ಟೈ ಕಟ್ಟುವಾಗ ಮತ್ತೆ ಫೋನ್. ಮೂರು ಸುಮಿಮಾಸೆನ್. ಪ್ರಯಾಣಿಕರಿಲ್ಲ, ವಿಮಾನ ರದ್ದು. ಇವರು ಟೈ ಹಿಡಿದುಕೊಂಡೇ ಮಂಚದ ಮೇಲೆ ಕೂತರು. ಆ ಮುಖ ನನ್ನಿಂದ ನೋಡಲಾಗಲಿಲ್ಲ.

"ಶಾಸ್ತ್ರ ಅರ್ಧಕ್ಕೆ ಬಿಡಬಾರ್ದು ಕಣೋ," ಎಂದರು ಬಚ್ಚಲಿನಿಂದ ಅತ್ತೆ. ಅವರನ್ನು ಅಲ್ಲೇ ಮರೆತಿದ್ದೆವು. "ಇಲ್ಲಿನ್ನೂ ಬೆಳಕಾಗಿಲ್ಲ."

"ಬನ್ನಿ, ಹಬ್ಬನಾದ್ರೂ ನೆಟ್ಟಗೆ ಮಾಡೋಣ," ಎಂದೆ. ಬೇರೇನು ಸಮಾಧಾನ ಹೇಳಲಿ ಎಂದು ತಿಳಿಯದೆ ಎಣ್ಣೆಯನ್ನೇ ಅರ್ಧ ಸೌಟು ಜಾಸ್ತಿ ಹುಯ್ದೆ.

ಫೋನ್ ಹೊಡೆದುಕೊಂಡಿತು. ನಾಲ್ಕು ಸುಮಿಮಾಸೆನ್. ಹತ್ತು ವರ್ಷದಲ್ಲಿ ನಾಲ್ಕನ್ನು ನಾನು ಕೇಳಿರಲಿಲ್ಲ. ಸಪ್ಪೋರೋಗೆ ಹೋಗಬೇಕಿದ್ದ ಕೋ-ಪೈಲಟ್‌ಗೆ ಜ್ವರವಂತೆ, ಕೂಡಲೇ ಬರಬೇಕಂತೆ.

ಕಡ್ಲೆಹಿಟ್ಟಿಲ್ಲ. ಶಾಂಪೂ ಹಾಕಿದರೆ ಎಣ್ಣೆ ಮಿಸುಕಲಿಲ್ಲ. "ಏನಾದ್ರೂ ಮಾಡೇ," ಎಂದು ಇವರು ಕಣ್ಣು ಮುಚ್ಚಿಕೊಂಡೇ ಹೇಳಿದರು. ನಾನು ಸಿಂಕಿನ ಪಕ್ಕದ ಹಸಿರು ಬಾಟಲಿ ತಂದು, ಪಾತ್ರೆ ತೊಳೆಯುವ ಸೋಪಿನಲ್ಲಿ ಆ ತಲೆಯನ್ನು ಎರಡು ಸಲ ಉಜ್ಜಿದೆ. ಸ್ಪಂಜೊಂದನ್ನು ಮಾತ್ರ ಬಳಸಲಿಲ್ಲ.

ಇವರು ಓಡಿದ ಮೇಲೆ ಬಚ್ಚಲಿನ ಬಾಗಿಲಲ್ಲೇ ಕೂತೆ. ಹತ್ತು ವರ್ಷ ಆ ಫೋನಿಗೆ ಶಾಪ ಹಾಕಿದ ಬಾಯಿಂದ, ಇನ್ನು ಏನೂ ಬದಲಾಗದಿರಲಪ್ಪಾ ಎಂದು ಬೇಡಿಕೊಂಡೆ. ನಿಜಕ್ಕೂ ಹೆದರಿದ್ದೆ.

ಸಂಜೆ ಬಂದರು. ಕೂದಲು ತೆಂಗಿನ ನಾರಿನಂತೆ ನೆಟ್ಟಗೆ ನಿಂತಿತ್ತು. ಕ್ಯಾಪ್ಟನ್ ಹಿರಿಯರು, ಮಾತೇ ಆಡುವುದಿಲ್ಲವಂತೆ. ಹೋಗುವಾಗ ವಿಮಾನವನ್ನು ಅವರೇ ಏರಿಸಿ ಅವರೇ ಇಳಿಸಿದರಂತೆ. ತಮಗೂ ಒಂದು ಸಲ ಬಿಡಿ ಎಂದು ಬಾಯಿಬಿಟ್ಟು ಕೇಳಲು ಇವರಿಗೆ ಸಂಕೋಚ.

"ಸಪ್ಪೋರೋದಲ್ಲಿ ನಿಂತಿದ್ವಲ್ಲ, ಆಗ ಮಾಸ್ಕ್ ಸ್ವಲ್ಪ ಸರಿಸಿ ಮೂಸಿದ್ರು ಕಣೇ," ಎಂದರು ಇವರು. "ಸುಮಿಮಾಸೆನ್, ಇದು ಆ ಹಸಿರು ಬಾಟ್ಲಿ ಸೋಪಲ್ವಾ ಅಂದ್ರು. ನನ್ ಕಥೆ ಮುಗೀತು ಅಂದ್ಕೊಂಡೆ. ಎಣ್ಣೆ, ಹಬ್ಬ, ಅಮ್ಮ, ತೊಂಬತ್ತನೇ ದಿನ, ಎಲ್ಲಾ ಹೇಳ್ಬಿಟ್ಟೆ."

"ಅದಕ್ಕೆ ಅವ್ರೇನಂದ್ರು?"

"ನಮ್ಮನೇಲೂ ಅದೇ ಬಾಟ್ಲಿ, ಆರು ತಿಂಗಳಿಂದ ಪಾತ್ರೆ ನಂದೇ, ಅಂದ್ರು. ಆಮೇಲೆ, ವಾಪಸ್ ನೀವೇ ಹಾರ್ಸಿ ಅಂದ್ರು."

ನಾನು ನಗಲು ಹೋಗಿ ಅತ್ತುಬಿಟ್ಟೆ. ಇವರು ಅಂಗಿಯ ತೋಳು ಮಡಚಿ, ಬೆಳಗಿನ ಎಣ್ಣೆ ಬಟ್ಟಲು ತೊಳೆಯಲು ನಿಂತರು. ಫೋನ್ ಹೊಡೆದುಕೊಂಡಿತು. ಮೊಣಕೈವರೆಗೂ ನೊರೆ. ನಾನೇ ಓಡಿಹೋಗಿ ಎತ್ತಿ ಇವರ ಕಿವಿಗೆ ಹಿಡಿದೆ. ಮರುದಿನ ಲಕ್ಷ್ಮೀಪೂಜೆ. ಆ ಕಡೆಯಿಂದ ಸುಮಿಮಾಸೆನ್ ಶುರುವಾಯಿತು. ಎಷ್ಟೆಂದು ಎಣಿಸಲಿಲ್ಲ, ಹೋಗಿ ಸೂಟ್‌ಕೇಸ್ ತೆಗೆದೆ.