ಹೆಳವರ ಬುಕ್ಕಿನಲ್ಲಿ ಒಂದು ಸಾಲು

ಮನೆತನದ ವಂಶಾವಳಿ ಹೇಳುವ ಹೆಳವರೊಬ್ಬರು ಸುಗ್ಗಿ ಮುಗಿದ ಮೇಲೆ ಮಾನ್ವಿಯ ನಮ್ಮ ಮನೆಗೆ ಬರುತ್ತಿದ್ದರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ; ನಾನು ಕಂಡದ್ದು ಮೊಪೆಡ್ ಮೇಲೆ. ಗೊಬ್ಬರದ ಚೀಲದಿಂದ ದಪ್ಪ ಪುಸ್ತಕ ತೆಗೆದು, ಕನ್ನಡಕ ಹಣೆಗೇರಿಸಿ, ಪುಟ ನೋಡದೆಯೇ ಶುರು ಮಾಡುತ್ತಿದ್ದರು: "ಅಮರಪ್ಪನ ಮಗ ಬಸಪ್ಪ, ಬಸಪ್ಪನ ಮಗ ಅಮರಪ್ಪ..." ಯಾವ ಅನುಮಾನಕ್ಕೂ ಅವರದು ಒಂದೇ ಉತ್ತರ: "ಬುಕ್ಕಿನ್ಯಾಗ ಅದ."

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಯಲ್ಲಿ ಎರಡೇ ಹೆಸರು ಹಿಡಿದು ಯಾರಾದರೂ ನೂರು ತಲೆಮಾರು ಹತ್ತಬಹುದು ಎಂದು ಒಮ್ಮೆ ತಕರಾರು ತೆಗೆದೆ. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದ ಹುರುಪು. ಅವರು ಅಲುಗಾಡಲಿಲ್ಲ. ಅಪ್ಪನಿಗೆ ನಾನೊಬ್ಬಳೇ ಮಗಳು. ಬುಕ್ಕು ಮಾತ್ರ ಅಪ್ಪನ ಹೆಸರಿಗೇ ಮುಗಿದಿತ್ತು.

"ನನ್ನ ಹೆಸರು ಎಲ್ಲದರಿ?"

"ಹೆಣ್ಮಕ್ಕಳ್ನ ಬರಿಯಂಗಿಲ್ಲ ಯವ್ವಾ."

"ವೇಲ್ಸ್ ದೇಶದಾಗ ಹಿಂದಕ ಮನೆತನದ ಹೆಸರ ಇರಲಿಲ್ರಿ. ಇಂಥವನ ಮಗ, ಇಂಥವನ ಮಗಳು ಅಂತ ಬರೀತಿದ್ರು. ಮಗಳನ್ನೂ ಬರೀತಿದ್ರು."

"ಅಲ್ಲಿಗೆ ಯಾವೂರ ಹೆಳವರು ಹೋಗ್ತಾರ?"

ಅವರಿಗಾಗಿ ಮೊರದಲ್ಲಿ ಜೋಳ ತುಂಬುತ್ತಿದ್ದ ಅಜ್ಜಿ ನಕ್ಕಳು. ಸೋತೆ ಎಂದುಕೊಂಡೆ. ಅವರು ಮುಂದುವರಿದರು. ಆರನೇ ತಲೆಮಾರಿನಲ್ಲಿ ಗಂಡುಮಕ್ಕಳಿರಲಿಲ್ಲ, ಮಗಳಿಗೆ ದೇವದುರ್ಗದಿಂದ ಮನೆ ಅಳಿಯ ಬಂದ ಎನ್ನುತ್ತ, "ಹುಲಿಗೆವ್ವನ ಮಗ ಬಸಪ್ಪ" ಎಂದುಬಿಟ್ಟರು.

"ಹುಲಿಗೆವ್ವ ಗಂಡಸೇನ್ರಿ?"

ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಮೊದಲ ಸಲ ಪುಟ ನೋಡಿದರು. ಆಮೇಲೆ ಪೆನ್ನು ತೆಗೆದು ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಬರೆದರು. ಅದರ ಮುಂದೆ: "ಮಗಳು. ವಾದ ಮಾಡತಾಳ."

ಆ ಕೊನೆಯ ಮಾತು ವಂಶಾವಳಿಯಲ್ಲ, ಹೊಡೆದು ಹಾಕಿ ಎಂದೆ.

"ಬುಕ್ಕಿನ್ಯಾಗ ಅದ," ಎಂದು ಅವರು ಚೀಲದ ಬಾಯಿ ಕಟ್ಟಿದರು.